ತೊಳೆದ ಚಿಪ್ಪು

ನೇತ್ರಾ ನಮ್ಮ ಮನೆಯಲ್ಲಿ ಇರಲು ಬಂದ ದಿನ ಅವಳ ಜೊತೆ ಎರಡು ಬ್ಯಾಗು, ಒಂದು ಹೊಸ ಕುಕ್ಕರ್ ಮತ್ತು ಅವಳ ಅಜ್ಜಿ ಕಾಳವ್ವ ಬಂದರು. ಬ್ಯಾಗು ಒಳಗೆ ಹೋಯಿತು. ಕುಕ್ಕರೂ ಒಳಗೆ ಹೋಯಿತು. ಕಾಳವ್ವ ಮಾತ್ರ ಅಡುಗೆಮನೆಯ ಹೊಸಿಲಲ್ಲೇ ನಿಂತು, ಮೂಗು ಮೇಲೆತ್ತಿ, ಒಂದು ಸಲ ದೀರ್ಘವಾಗಿ ಉಸಿರೆಳೆದುಕೊಂಡರು.

“ನೀವು ಮೀನ ತಿನ್ನೋ ಮಂದಿ, ಹೌದಿಲ್ಲೋ ಯವ್ವಾ?”

“ಹೌದಮ್ಮ,” ಎಂದೆ. “ಸೋಮವಾರ, ಸಂಕ್ರಮಣ ಎಲ್ಲ ಬಿಟ್ಟು.”

“ನಮ್ಮ ಹುಡುಗಿ ಪಾತ್ರಿ ಬ್ಯಾರೆ ಇರಬೇಕು.”

“ಬೇರೆಯೇ ಇಡ್ತೇನೆ.”

“ಸೌಟು?”

“ಸೌಟೂ ಬೇರೆ.”

“ಒಲಿ?”

ಒಲೆ ಇದ್ದದ್ದು ಒಂದೇ, ಎರಡು ಬರ್ನರಿನದು. ನಾನು ಸ್ವಲ್ಪ ಯೋಚಿಸಿ, “ಎಡಗಡೆದು ಅವಳಿಗೆ, ಬಲಗಡೆದು ನಮಗೆ,” ಎಂದೆ. ಕಾಳವ್ವ ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕು, “ಶಾಣ್ಯಾಕಿ ಅದೀ ಬಿಡು,” ಎಂದು ಒಳಗೆ ಬಂದು ಕುಳಿತು ಚಹಾ ಕುಡಿದರು.

ಇದು ಐದು ವರ್ಷದ ಹಿಂದಿನ ಮಾತು. ಕಾಳವ್ವ ಇದ್ದದ್ದು ಭಿವಂಡಿಯಲ್ಲಿ, ಬಟ್ಟೆ ವ್ಯಾಪಾರ ಮಾಡುವ ಮಗ ರವಿಕಿರಣನ ಮನೆಯಲ್ಲಿ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ ಮೊಮ್ಮಗಳಿಗೆ ನವಿ ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ. ಸೀಟು ಸಿಕ್ಕಿತ್ತು. ಭಿವಂಡಿಯಿಂದ ದಿನಾ ಹೋಗಿಬರುವುದೆಂದರೆ ಅರ್ಧ ಆಯುಸ್ಸು ಬಸ್ಸಿನಲ್ಲೇ ಕಳೆದುಹೋಗುತ್ತದೆ. ನನ್ನ ಗಂಡ ವಸಂತಕುಮಾರ ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು. ರವಿಕಿರಣ ಅಲ್ಲಿ ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದ. ಹಾಗೆ ಮಾತಿಗೆ ಮಾತು ಬಂದು, ಡೊಂಬಿವಿಲಿಯ ನಮ್ಮ ಮನೆಯಲ್ಲಿ ಮಗ ಸುಜನ್ ಘೋಡಬಂದರ್ ರಸ್ತೆಗೆ ಮನೆ ಬದಲಿಸಿದ ಮೇಲೆ ಖಾಲಿಯಾಗಿದ್ದ ಕೋಣೆ ನೇತ್ರಾಳದಾಯಿತು.

ಅವಳು ನನ್ನನ್ನು ಕಾಕು ಎಂದು ಕರೆದಳು, ಇವರನ್ನು ಕಾಕಾ. ಒಂದು ತಿಂಗಳಲ್ಲಿ ಅವಳ ಜೋಳದ ರೊಟ್ಟಿಯ ಬಡಿತ ಕೇಳದಿದ್ದರೆ ನನಗೆ ಬೆಳಗಾದಂತೆ ಅನಿಸುತ್ತಿರಲಿಲ್ಲ.

ಒಂದು ಆದಿತ್ಯವಾರ ಅವಳು ಉಗುರಿನಷ್ಟು ಅಗಲದ ಒಂದು ಗಾಜಿನ ಚೂರು ತಂದು ತೋರಿಸಿದಳು. ಅದರ ಮೇಲೆ ಬಣ್ಣದ ಹಾಗೆ ಏನೋ ಬಳಿದಿತ್ತು.

“ಇದು ಪ್ಲಾಸ್ಟಿಕ್ ರೀ ಕಾಕು. ಕೂದಲಕಿಂತ ಎಷ್ಟೋ ಪಟ್ಟು ತೆಳ್ಳಗ ಐತಿ. ಕರೆಂಟ್ ಕೊಟ್ರ ತಾನ ಬೆಳಕ ಕೊಡತೈತಿ. ಬಲ್ಬ್ ಬ್ಯಾಡ, ಟ್ಯೂಬ್ ಬ್ಯಾಡ.”

“ಹಾಗಾದ್ರೆ ಕರೆಂಟ್ ಹೋದಾಗ ಉಪಯೋಗಕ್ಕೆ ಬರ್ತದೆ,” ಎಂದರು ನನ್ನ ಗಂಡ.

“ಕರೆಂಟ್ ಇದ್ರನ ಬೆಳಕು ರೀ ಕಾಕಾ.”

“ಓ. ಮತ್ತೆ ಎಂತ ಪ್ರಯೋಜನ ಮಾರಾಯ್ತಿ!”

ಅವಳು ನಕ್ಕಳು. ಕಾಗದದ ಹಾಗೆ ಮಡಚಬಹುದಾದ ದೀಪ, ಗೋಡೆಗೆ ಅಂಟಿಸಬಹುದಾದ ದೀಪ, ಎಂದು ಏನೇನೋ ಹೇಳಿದಳು. ಆದರೆ ಆ ಪ್ಲಾಸ್ಟಿಕ್ಕಿಗೆ ಒಂದು ಕಷ್ಟವಿತ್ತು. ಗಾಳಿಯ ತೇವ ತಗಲಿದರೆ ಕಪ್ಪು ಚುಕ್ಕಿ ಬಿದ್ದು ಸತ್ತುಹೋಗುತ್ತದೆ. ನಮ್ಮ ಕರಾವಳಿಯ ಜೂನ್ ತಿಂಗಳಲ್ಲಿ ಹಪ್ಪಳ ಏನಾಗುತ್ತದೆಂದು ಗೊತ್ತಿದ್ದ ನನಗೆ ಇದು ಬೇಗ ಅರ್ಥವಾಯಿತು. ಮೇಲೆ ಗಾಜು ಮುಚ್ಚಿದರೆ ಮಡಚಲು ಬರುವುದಿಲ್ಲ, ಬರೀ ಪ್ಲಾಸ್ಟಿಕ್ ಮುಚ್ಚಿದರೆ ತೇವ ನಿಲ್ಲುವುದಿಲ್ಲ. ಅದಕ್ಕೆ ಅವರು ಸಮುದ್ರದ ಚಿಪ್ಪನ್ನು ನೋಡಿ ಕಲಿಯಲು ಹೊರಟಿದ್ದರು.

ಚಿಪ್ಪಿನ ಒಳಗೆ ಹೊಳೆಯುವ ಪದರ ಇರುತ್ತದಲ್ಲ, ಅದು ಸಣ್ಣ ಸಣ್ಣ ಹಂಚು ಜೋಡಿಸಿ ನಡುವೆ ಅಂಟು ಹಾಕಿದ ಹಾಗೆ ಇರುತ್ತದಂತೆ. ಹಂಚು ಗಟ್ಟಿ, ಅಂಟು ಮೆತ್ತಗೆ. ಎರಡೂ ಸೇರಿದರೆ ಬೇಗ ಮುರಿಯುವುದಿಲ್ಲ. ಇದೇ ರೀತಿ ಮಣ್ಣಿನ ತೆಳು ಬಿಲ್ಲೆಗಳನ್ನು ಜೋಡಿಸಿ ಮುಚ್ಚಳ ಮಾಡಿದರೆ ತೇವ ನೇರವಾಗಿ ಒಳಗೆ ಬರಲಾರದು. “ಸಂಜಿ ಆರೂವರಿಗೆ ನಮ್ಮ ಸ್ಟೇಷನ್ ಬ್ರಿಜ್ ಮ್ಯಾಲೆ ನಡದಂಗ ರೀ ಕಾಕು,” ಎಂದಳು ನೇತ್ರಾ. “ಆ ಕಡೆ ಸರದು, ಈ ಕಡೆ ಸರದು, ಆಚಿಗೆ ಮುಟ್ಟೂದ್ರಾಗ ಸುಸ್ತು.”

ಮುಚ್ಚಳಕ್ಕೆ ಎಂಥ ಅಂಟು ಬೇಕೆಂದು ತಿಳಿಯಲು ಮೊದಲು ಚಿಪ್ಪು ಎಷ್ಟು ಗಟ್ಟಿ ಎಂದು ಅಳೆಯಬೇಕು. ಹಾಗಾಗಿ ಅವಳಿಗೆ ಚಿಪ್ಪು ಬೇಕಿತ್ತು. ಮೀನು ಮಾರ್ಕೆಟ್ಟಿನ ಗೇಟಿನ ತನಕ ಒಂದು ದಿನ ಹೋಗಿ ಹಾಗೆಯೇ ವಾಪಸು ಬಂದಳಂತೆ.

“ಯಾರರ ತಿಂದು ಒಗದ ಚಿಪ್ಪು ಸಿಗತಾವೇನ್ರಿ ಕಾಕು? ಜೀವ ಇರೂವು ಬ್ಯಾಡ್ರಿ. ಸತ್ತದ್ದು ಸಾಕು.”

“ಸಿಗ್ತದೆ ಮಗಾ,” ಎಂದೆ. “ನಾನು ತರ್ತೇನೆ.”

ಅಲ್ಲಿಗೆ ನನ್ನ ಮೊದಲ ಸುಳ್ಳು ಆಯಿತು. ತಿಂದು ಬಿಸಾಡಿದ ಚಿಪ್ಪನ್ನು ಮಾರ್ಕೆಟ್ಟಿನಲ್ಲಿ ಯಾರೂ ಕೂಡಿಟ್ಟಿರುವುದಿಲ್ಲ. ಅಲ್ಲಿ ಸಿಗುವುದು ರತ್ನಾಗಿರಿ ಕಡೆಯಿಂದ ಬರುವ ಜೀವಂತ ಪಚ್ಚಿಲೆ ಎಂಬ ಚಿಪ್ಪುಮೀನು, ಹಸಿರು ಅಂಚಿನದು, ಬಾಯಿ ಬಿಗಿದುಕೊಂಡಿರುವುದು. ನಾನು ಅದನ್ನೇ ಎರಡು ಕಿಲೋ ತಂದೆ. ಅವಳು ಲ್ಯಾಬಿಗೆ ಹೋಗಿದ್ದಾಗ ಕತ್ತಿಯ ಮೊನೆ ತೂರಿಸಿ ಒಂದೊಂದನ್ನೇ ಹಸಿಯಾಗಿಯೇ ಬಿಡಿಸಿದೆ. ಮಾಂಸ ಇವರ ಊಟಕ್ಕೆ ತೆಂಗಿನತುರಿ ಹಾಕಿದ ಸುಕ್ಕ ಆಯಿತು. ಚಿಪ್ಪುಗಳನ್ನು ಉಪ್ಪುನೀರಿನ ಡಬ್ಬಿಯಲ್ಲಿ ಹಾಕಿ ಮರುದಿನ ಅವಳ ಕೈಯಲ್ಲಿ ಕೊಟ್ಟೆ. ಅವಳು ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ.

ಆ ದಿನ ಲೋಕಲಿನಲ್ಲಿ ದಿವಾ ಸ್ಟೇಷನ್ನಿನ ನೂಕುನುಗ್ಗಲಿಗೆ ಡಬ್ಬಿಯ ಮುಚ್ಚಳ ಸಡಿಲಾಯಿತು. ನೀರು ಪಕ್ಕದವಳ ಡ್ರೆಸ್ಸಿನ ಮೇಲೆ ಚೆಲ್ಲಿತು. ಸಂಜೆ ಮನೆಗೆ ಬಂದು ನೇತ್ರಾ ಅದನ್ನು ಹೇಳುವಾಗ ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ.

“ಇಡೀ ಲೇಡೀಸ್ ಡಬ್ಬಾ ನನ್ನ ಕಡೆ ಹೊಳ್ಳಿ ನೋಡ್ತು ರೀ. ಒಬ್ಬಾಕಿ ‘ಏ ಮಚ್ಛಿವಾಲಿ, ಲಗೇಜ್ ಡಬ್ಬೇ ಮೇ ಜಾ ನಾ!’ ಅಂದ್ಲು, ಮೀನ ಮಾರೂ ಮಂದಿ ಡಬ್ಬಾಕ್ಕ ಹೋಗು ಅಂತ. ನಮ್ಮಜ್ಜಿ ಕೇಳಿದ್ರ ಅಲ್ಲೇ ಗಾಡಿ ನಿಂದ್ರಸತಿದ್ಲು.”

ಇವರು ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ರೊಟ್ಟಿ, ಶೇಂಗಾಹಿಂಡಿ ತಿಂದು ಬೆಳೆದ ಹುಡುಗಿ. ಅವಳ ಮೈಗೆ ನನ್ನ ಅಡುಗೆಮನೆಯ ವಾಸನೆ ಅಂಟಿಸಿ ಕಳಿಸಿದ್ದೆ.

ಮುಂದಿನ ಸಲದಿಂದ ನಾನು ಕ್ರಮ ಬದಲಿಸಿದೆ. ಪಚ್ಚಿಲೆಯನ್ನು ದೊಡ್ಡ ಪಾತ್ರೆಯಲ್ಲಿ ಹಾಕಿ ಕುದಿಸಿದೆ. ಬಾಯಿ ತಾನಾಗಿಯೇ ಬಿಡುತ್ತದೆ, ಕೆಲಸ ಬೇಗ. ಆಮೇಲೆ ಖಾಲಿ ಚಿಪ್ಪುಗಳನ್ನು ಬಟ್ಟೆ ಸೋಡಾ ಹಾಕಿ ಮತ್ತೊಮ್ಮೆ ಒಂದು ತಾಸು ಕುದಿಸಿ, ಹುಣಸೆ ಹುಳಿಯಲ್ಲಿ ತಿಕ್ಕಿ, ಬಾಲ್ಕನಿಯಲ್ಲಿ ಎರಡು ದಿನ ಬಿಸಿಲಿಗೆ ಹರಡಿದೆ. ಮೀನಿನ ಪಾತ್ರೆಯ ವಾಸನೆಗೆ ನಮ್ಮಲ್ಲಿ ಹುಣಸೆಯೇ ಮದ್ದು. ಚಿಪ್ಪುಗಳು ದೇವರ ಕೋಣೆಯಲ್ಲಿ ಇಡಬಹುದಾದಷ್ಟು ಚೊಕ್ಕವಾದವು. ನೇತ್ರಾ ಮೂಸಿ ನೋಡಿ, “ಏನೂ ವಾಸ್ನಿ ಇಲ್ಲಲ್ರಿ! ಏನ್ ಮಾಡಿದ್ರಿ ಕಾಕು?” ಎಂದು ಕೇಳಿದಳು.

“ತೊಳೆದೆ,” ಎಂದೆ.

ಅವಳು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: ಮಾರ್ಕೆಟ್ಟಿನಲ್ಲಿ ಬಿಸಾಡಿದ ಚಿಪ್ಪು, ನೀರಿನಲ್ಲಿ ತೊಳೆದದ್ದು.

ಹೀಗೆ ಚಳಿಗಾಲ ಕಳೆಯಿತು, ಬೇಸಿಗೆ ಬಂತು. ಏಳು ಸಲ ತಂದೆ, ಏಳು ಸಲ ತೊಳೆದೆ. ಇವರು ಸುಕ್ಕ ತಿಂದು ಕೈ ತೊಳೆಯುತ್ತಾ, “ವಿಜ್ಞಾನ ಇಷ್ಟು ರುಚಿ ಉಂಟು ಅಂತ ಶಾಲೆಯಲ್ಲಿ ಯಾರೂ ಹೇಳ್ಲಿಲ್ಲ,” ಎನ್ನುತ್ತಿದ್ದರು.

ಮೇ ತಿಂಗಳ ಒಂದು ಶುಕ್ರವಾರ ನೇತ್ರಾ ಸಂಜೆ ನಾಲ್ಕಕ್ಕೇ ಮನೆಗೆ ಬಂದಳು. ಬ್ಯಾಗನ್ನು ಹೆಗಲಿನಿಂದ ಇಳಿಸದೆ ಕುರ್ಚಿಯ ಮೇಲೆ ಕೂತಳು. ರೊಟ್ಟಿ ಬೇಡ ಎಂದಳು, ಚಹಾ ಬೇಡ ಎಂದಳು. ನಾನು ಅವಳ ಎದುರು ಕೂತು ಬೀನ್ಸ್ ಮುರಿಯತೊಡಗಿದೆ. ಕೈಯಲ್ಲಿ ಕೆಲಸ ಇದ್ದವರ ಮುಂದೆ ಹೆಣ್ಣುಮಕ್ಕಳು ಬೇಗ ಬಾಯಿ ಬಿಡುತ್ತಾರೆ.

“ಮೊದಲನೇ ಸಲ ನೀವು ಕೊಟ್ಟ ಚಿಪ್ಪು ಇದ್ವಲ್ರಿ, ಅವು ಭಾಳ ಗಟ್ಟಿ ಬಂದಿದ್ವು,” ಎಂದಳು. “ನಮ್ಮ ಗೈಡ್ ಮೇಡಂ ಖುಷಿ ಆಗಿ ಎಲ್ಲಾರಿಗೂ ತೋರಿಸಿದ್ರು. ಲೇಖನ ಬರದ್ವಿ. ಆಮ್ಯಾಲಿಂದ ಏಳು ಸಲ ಅಳದೇನ್ರಿ. ಏಳೂ ಸಲ ಅರ್ಧಕ್ಕರ್ಧ. ಮುಟ್ಟಿದ್ರ ಚಕ್ಕಲಿ ಮುರದಂಗ ಮುರೀತಾವು. ಇವತ್ತ ಮೇಡಂ ಬಾಗಲ ಹಾಕಿ ಕೇಳಿದ್ರು.”

“ಎಂತ ಕೇಳಿದ್ರು?”

“ಆ ಮೊದಲನೇ ನಂಬರ್ ಖರೇನ ಬಂದಿದ್ವೇನು ಅಂತ.”

ನಾನು ಬೀನ್ಸ್ ಬಿಟ್ಟು ಅವಳ ಮುಖ ನೋಡಿದೆ. ಸೋಮವಾರ ಮೀಟಿಂಗ್ ಅಂತೆ. ಅಷ್ಟರಲ್ಲಿ ಕಾರಣ ಸಿಗದಿದ್ದರೆ ಆ ಅಂಕಿಗಳನ್ನು ನಂಬಬೇಡಿ ಎಂದು ನೇತ್ರಾಳೇ ಬರೆದುಕೊಡಬೇಕು, ಲೇಖನ ವಾಪಸು ಪಡೆಯಬೇಕು, ಈ ಕೆಲಸ ಬೇರೆಯವರಿಗೆ ಹೋಗುತ್ತದೆ.

“ಫೇಲ್ ಆಗಿದ್ರ ಬ್ಯಾರೆ ಮಾತು ರೀ ಕಾಕು. ಫೇಲ್ ಆದಾಕಿ ಮತ್ತ ಮಾಡತಾಳ. ಸುಳ್ಳ ಬರದಾಕಿ ಅಂತ ಹೆಸರ ಬಂದ್ರ ಮುಂದ ಯಾವ ಲ್ಯಾಬಿನ್ಯಾಗ ನಿಂದ್ರಲಿ?”

ಶನಿವಾರವೂ ಅವಳು ಲ್ಯಾಬಿಗೆ ಹೋದಳು. ನಾನು ಮಧ್ಯಾಹ್ನ ಉಪ್ಪಿನಕಾಯಿಗೆಂದು ಮಾವಿನಕಾಯಿ ಹೆರೆಯುತ್ತಿದ್ದೆ. ಸ್ಟೀಲಿನ ಪೀಲರಿನ ಅಲಗು ಸಡಿಲವಾಗಿ ಕೈಗೆ ತಾಗಿ ರಕ್ತ ಬಂತು. ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಾಗ ನನಗೆ ನನ್ನ ತವರು, ಉದ್ಯಾವರದ ಹೊಳೆದಂಡೆಯ ಮನೆ ನೆನಪಾಯಿತು.

ನನ್ನ ಅಜ್ಜಿ ಪೀಲರ್ ಎಂಬ ವಸ್ತುವನ್ನು ಕಂಡವಳಲ್ಲ. ಅವಳ ಹತ್ತಿರ ಒಂದು ಪಚ್ಚಿಲೆ ಚಿಪ್ಪು ಇತ್ತು. ಅದರ ಬೆನ್ನನ್ನು ಅರೆಯುವ ಕಲ್ಲಿಗೆ ತಿಕ್ಕಿ ತೂತು ಮಾಡಿದ್ದಳು. ಆ ತೂತಿನ ಅಂಚಿನಿಂದ ಮಾವಿನಕಾಯಿ, ಸೌತೆಕಾಯಿ, ಸುವರ್ಣಗಡ್ಡೆ ಎಲ್ಲದರ ಸಿಪ್ಪೆ ಹೆರೆಯುತ್ತಿದ್ದಳು. ಕೆಲಸ ಮುಗಿದ ಮೇಲೆ ಅದನ್ನು ತೆಂಗಿನ ಗೆರಟೆಯಲ್ಲಿ ನೀರು ಹಾಕಿ ಮುಳುಗಿಸಿ ಇಡುತ್ತಿದ್ದಳು. ನನಗೆ ಬುದ್ಧಿ ಬಂದಾಗಿನಿಂದ ನನ್ನ ಮದುವೆಯ ತನಕ ಅದೇ ಚಿಪ್ಪು ಇತ್ತು. ಅದರ ಒಳಮೈ ಅಜ್ಜಿಯ ಹೆಬ್ಬೆರಳಿಗೆ ಸವೆದು ನುಣುಪಾಗಿತ್ತು.

ಒಂಬತ್ತು ವರ್ಷದವಳಿದ್ದಾಗ ನನಗೂ ಅಂಥದ್ದೊಂದು ಬೇಕೆನಿಸಿ, ಸಾರಿನಲ್ಲಿ ಬೆಂದು ಅಂಗಳದ ಮೂಲೆಗೆ ಬಿದ್ದಿದ್ದ ಚಿಪ್ಪುಗಳಲ್ಲಿ ಚೆಂದದ್ದೊಂದನ್ನು ಆರಿಸಿ ಅರ್ಧ ದಿನ ಕೂತು ತಿಕ್ಕಿದೆ. ಮೂರನೆಯ ಮಾವಿನಕಾಯಿಗೆ ಅದು ಎರಡು ಹೋಳಾಯಿತು. ಅಜ್ಜಿ ನಕ್ಕಳು. “ಅದು ಬೆಂದದ್ದು ಹುಡುಗಿ. ಅದರ ಹಿಡಿತ ಹೋಗಿದೆ. ನೀರಲ್ಲಿ ಹಾಕಿದರೂ ಬರುವುದಿಲ್ಲ,” ಎಂದು ಹೇಳಿ, ಬುಟ್ಟಿಯಿಂದ ಜೀವಂತ ಪಚ್ಚಿಲೆ ಒಂದನ್ನು ತೆಗೆದು ಕತ್ತಿಯಿಂದ ಹಸಿಯಾಗಿಯೇ ಬಿಡಿಸಿ ಕೊಟ್ಟಳು.

ಅಡುಗೆಮನೆಯಲ್ಲಿ ನಿಂತಲ್ಲೇ ಲೆಕ್ಕ ಹಾಕಿದೆ. ಮೊದಲನೇ ಸಲ ಕತ್ತಿಯಿಂದ ಬಿಡಿಸಿದ್ದೆ. ಆಮೇಲೆ ಏಳು ಸಲ ಬೇಯಿಸಿದ್ದೆ.

ಇವರಿಗೆ ಹೇಳಿದೆ. ಪೇಪರ್ ಮಡಚಿಟ್ಟು ಕೇಳಿದರು. ನಗಲಿಲ್ಲ.

“ಹೇಳಿದ್ರೆ ಎಲ್ಲ ಹೇಳ್ಬೇಕಾಗ್ತದೆ ಜಯಾ. ಜೀವ ಇರುವುದನ್ನು ತಂದದ್ದು, ಅವಳ ಹೆಸರಲ್ಲಿ ಕುದಿಸಿದ್ದು, ಬಿಸಾಡಿದ ಚಿಪ್ಪು ಅಂತ ಕೊಟ್ಟದ್ದು. ಕಾಳವ್ವ ಮರುದಿನವೇ ಬಂದು ಹುಡುಗಿಯನ್ನು ಕರ್ಕೊಂಡು ಹೋಗ್ತಾರೆ.”

“ಹೋಗ್ಲಿ. ನನ್ನ ಸುಳ್ಳು ಆ ಹುಡುಗಿಯ ತಲೆ ಮೇಲೆ ಕೂತಿದೆಯಲ್ಲ.”

“ಅದು ಹೌದು,” ಎಂದರು. ಪೇಪರನ್ನು ಮತ್ತೆ ಬಿಡಿಸುತ್ತಾ, “ಆದ್ರೆ ನಿನ್ನ ಅಜ್ಜಿ ಹೇಳಿದ್ದು ಸರಿ ಅಂತ ಎಂತ ಗ್ಯಾರಂಟಿ? ಸುಮ್ಮನೆ ಹೇಳಿ ಹುಡುಗಿಗೆ ಆಸೆ ಹುಟ್ಟಿಸ್ಬೇಡ,” ಎಂದರು.

ಇವರ ಮಾತಿನಲ್ಲಿ ಅರ್ಥ ಇತ್ತು. ಆದಿತ್ಯವಾರ ಬೆಳಿಗ್ಗೆ ಏಳಕ್ಕೆ ಮಾರ್ಕೆಟ್ಟಿಗೆ ಹೋದೆ. ಒಂದೇ ಬುಟ್ಟಿಯಿಂದ, ಒಂದೇ ಅಳತೆಯ ಹನ್ನೆರಡು ಪಚ್ಚಿಲೆ ಆರಿಸಿದೆ. ಮಾರುವ ಮಾವಶಿ, “ಕಾಯ್ ಗ, ಲಗ್ನಾಲಾ ಮುಲಗೀ ಬಘತೇಸ ಕಾ?” ಎಂದು ಗದರಿದಳು, ಮದುವೆಗೆ ಹೆಣ್ಣು ನೋಡುತ್ತಿದ್ದೀಯಾ ಎಂದು. ಮನೆಗೆ ಬಂದು ಆರನ್ನು ಹಸಿಯಾಗಿ ಬಿಡಿಸಿದೆ, ಆರನ್ನು ಎಂದಿನಂತೆ ಸೋಡಾ ಹಾಕಿ ಕುದಿಸಿ ಹುಣಸೆಯಲ್ಲಿ ತಿಕ್ಕಿದೆ. ಒಂದೊಂದರಿಂದ ಒಂದೇ ಹೋಳು ಆರಿಸಿ, ಎಲ್ಲವನ್ನೂ ಒಂದೇ ಬೋಗುಣಿಯ ನೀರಿನಲ್ಲಿ ನೆನೆಹಾಕಿದೆ. ಬೆಂದದ್ದಕ್ಕೆ ಕೆಂಪು ದಾರ ಕಟ್ಟಿದೆ. ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು, ಅಜ್ಜಿ ಮಾಡುತ್ತಿದ್ದ ಹಾಗೆ ಕಲ್ಲಿಗೆ ತಿಕ್ಕಿ ತೂತು ಮಾಡತೊಡಗಿದೆ.

ಕೆಂಪು ದಾರದವುಗಳಲ್ಲಿ ನಾಲ್ಕು ತಿಕ್ಕುವಾಗಲೇ ಒಡೆದವು. ಉಳಿದೆರಡು ಮಾವಿನಕಾಯಿ ಹೆರೆಯುವಾಗ ಹೋದವು. ಹಸಿಯವು ಆರಕ್ಕೆ ಆರೂ ನಿಂತವು.

“ಏನ್ ಮಾಡಾಕತ್ತೀರಿ ಕಾಕು?”

ನೇತ್ರಾ ತಲೆಸ್ನಾನ ಮಾಡಿ ಕೂದಲಿಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನನ್ನ ಸುತ್ತ ಮಾವಿನ ಸಿಪ್ಪೆ, ಚಿಪ್ಪಿನ ಚೂರು.

“ಕೂತ್ಕೋ,” ಎಂದೆ. “ನಿನಗೊಂದು ಹೇಳ್ಲಿಕ್ಕುಂಟು. ಪೂರಾ ಕೇಳು, ಆಮೇಲೆ ಬೈ.”

ಎಲ್ಲ ಹೇಳಿದೆ. ಬಿಸಾಡಿದ ಚಿಪ್ಪು ಎಂಬುದು ಸುಳ್ಳು ಎಂದೂ, ಎಲ್ಲವೂ ಜೀವಂತ ತಂದದ್ದೆಂದೂ, ಮೊದಲನೆಯ ಸಲ ಕತ್ತಿಯಿಂದ ಬಿಡಿಸಿದ್ದು, ಆಮೇಲೆ ಕುದಿಸಿದ್ದು, ಎಲ್ಲ. ಅವಳು ಪೂರಾ ಕೇಳಿದಳು. ನಾನು ಮುಗಿಸಿದ ಮೇಲೆ ಎದ್ದು ಒಳಗೆ ಹೋದಳು. ಬ್ಯಾಗು ಕಟ್ಟಲು ಹೋದಳೆಂದುಕೊಂಡೆ. ನೋಟ್‌ಬುಕ್ ಮತ್ತು ಪೆನ್ನು ಹಿಡಿದುಕೊಂಡು ಬಂದಳು.

“ಎಷ್ಟೊತ್ತು ಕುದಿಸಿದ್ರಿ?”

“ಮೊದಲು ಹತ್ತು ನಿಮಿಷ. ಆಮೇಲೆ ಸೋಡಾ ಹಾಕಿ ಒಂದು ತಾಸು.”

“ಸೋಡಾ ಎಷ್ಟು?”

“ಕೈಯಲ್ಲಿ ಹಾಕುದು ಮಾರಾಯ್ತಿ, ಎಷ್ಟು ಅಂತ ಹೇಳುದು! ಎರಡು ಮುಷ್ಟಿ.”

“ಯಾರ ಮುಷ್ಟಿ?”

“ನನ್ನದೇ.”

“ಹಿಡದು ತೋರಿಸ್ರಿ.” ಅವಳು ನನ್ನ ಮುಷ್ಟಿಯ ಸೋಡಾವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದುಕೊಂಡಳು. ಹುಣಸೆಹಣ್ಣನ್ನೂ ತೂಗಿದಳು. ಅಷ್ಟೆಲ್ಲ ಆದ ಮೇಲೆ ಪೆನ್ನು ಕೆಳಗಿಟ್ಟು, ಬೋಗುಣಿಯಲ್ಲಿದ್ದ ಹಸಿ ಚಿಪ್ಪೊಂದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು.

“ಎಲ್ಲಾ ಜೀವಂತ ಇದ್ವೇನ್ರಿ?”

“ಹೌದು ಮಗಾ.”

“ನನಗ ಗೊತ್ತಿತ್ತೇನೋ ರೀ. ಕೇಳಿದ್ರ ನೀವು ಹೇಳತಿದ್ರಿ. ಅದಕ ಕೇಳಲಿಲ್ಲ.” ಆಮೇಲೆ ಮೂಗೊರೆಸಿಕೊಂಡು, “ಯಾವ ಒಲಿ ಮ್ಯಾಲೆ?” ಎಂದಳು.

“ಬಲಗಡೆದೇ. ಆಣೆ ಮಾಡ್ತೇನೆ.”

ಅವಳಿಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂತು.

ಸೋಮವಾರ ನನ್ನನ್ನೂ ಕರೆದುಕೊಂಡು ಹೋದಳು. ಠಾಣೆಯಲ್ಲಿ ಇಳಿದು ಬ್ರಿಜ್ ಹತ್ತಿ ವಾಶಿಯ ಗಾಡಿ ಹಿಡಿದೆವು. ನನ್ನ ಚೀಲದಲ್ಲಿ ಉಪ್ಪುನೀರಿನ ಡಬ್ಬಿ, ಅದರಲ್ಲಿ ಬೆಳಿಗ್ಗೆಯೇ ಮಾರ್ಕೆಟ್ಟಿನಿಂದ ತಂದ ಜೀವಂತ ಪಚ್ಚಿಲೆ, ಜೊತೆಗೆ ಹಳೇ ಕತ್ತಿ. ಈ ಸಲ ಡಬ್ಬಿಗೆ ಹಗ್ಗ ಕಟ್ಟಿದ್ದೆ.

ವನಮಾಲಾ ಮೇಡಂ ಬೆಂಗಳೂರಿನವರು, ಐವತ್ತರ ಆಸುಪಾಸು. ನೇತ್ರಾ ನೋಟ್‌ಬುಕ್ ತೆರೆದು ಹೇಳಲು ಶುರು ಮಾಡಿದಾಗ ಅವರು ನನ್ನ ಕಡೆ ತಿರುಗಿದರು.

“ನೋಡಿ ಅಮ್ಮ, ನಾನು ಇವಳನ್ನ ಸುಳ್ಳಿ ಅಂತ ಹೇಳಿಲ್ಲ. ಒಂದು ಸಲ ಬಂದಿದ್ದು ಏಳು ಸಲ ಬರ್ಲಿಲ್ಲ ಅಂದ್ರೆ ನಾನೇನು ತಿಳ್ಕೋಬೇಕು, ನೀವೇ ಹೇಳಿ.”

“ನೀವು ಕೇಳಿದ್ದು ಸರಿಯೇ ಮೇಡಂ,” ಎಂದೆ. “ಆದ್ರೆ ಕೇಳ್ಬೇಕಾದ್ದು ಇವಳನ್ನಲ್ಲ, ನನ್ನನ್ನು. ಸುಳ್ಳು ಹೇಳಿದ್ದು ನಾನು.”

ಹುಣಸೆಹಣ್ಣಿನ ಮಾತು ಬಂದಾಗ ಅವರು ಹಣೆ ಹಿಡಿದುಕೊಂಡರು. “ಅಯ್ಯೋ! ಸೋಡಾ ಸಾಲದು ಅಂತ ಹುಣಸೆಹುಳಿ! ಒಂದು ಅಂಟನ್ನ ತಿನ್ನತ್ತೆ, ಇನ್ನೊಂದು ಹಂಚನ್ನ ತಿನ್ನತ್ತೆ. ಸಾಲದ್ದಕ್ಕೆ ಮೊದಲೇ ಕುದಿಸಿದ್ದೀರ!” ಆಮೇಲೆ ನೇತ್ರಾಳಿಗೆ, “ಹೇಗೆ ಓಪನ್ ಮಾಡಿದ್ರು ಅಂತ ನೀನು ಕೇಳ್ಬೇಕಿತ್ತು ತಾನೇ?” ಎಂದರು.

“ನೀವು ಕೇಳಿದ್ರಾ ಮೇಡಂ?” ಎಂದೆ ನಾನು.

ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. “ನಮ್ಮ ಮನೇಲಿ ಮೊಟ್ಟೇನೂ ತರಲ್ಲ,” ಎಂದರು ಸಣ್ಣ ದನಿಯಲ್ಲಿ. “ಈ ಗುಂಪಲ್ಲಿ ಐದು ಜನ ಇದ್ದೀವಿ. ಒಬ್ಬರೂ ತಿನ್ನಲ್ಲ. ಒಂದು ವರ್ಷದಿಂದ ಚಿಪ್ಪಿನ ಮೇಲೆ ಕೆಲಸ ಮಾಡ್ತಿದ್ದೀವಿ. ಇದರ ಬಾಯಿ ಹೇಗೆ ಬಿಡಿಸ್ತಾರೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.”

ಅವರ ಕಣ್ಣೆದುರೇ ಬಿಡಿಸಿ ತೋರಿಸಿದೆ. ನಾರು ಇರುವ ಕಡೆಯಿಂದ ಮೊನೆ ತೂರಿಸಿ, ಒಳಗಿನ ಸ್ನಾಯು ಕೊಯ್ದು, ಚಿಪ್ಪಿಗೆ ಗೀರು ಬೀಳದ ಹಾಗೆ. ಐದೂ ಜನ ಮದುವೆಮನೆಯಲ್ಲಿ ಧಾರೆ ನೋಡುವವರ ಹಾಗೆ ಸುತ್ತ ನಿಂತಿದ್ದರು. ಅವರಲ್ಲಿ ಇಬ್ಬರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ನೇತ್ರಾ ಹಿಡಿಯಲಿಲ್ಲ. ಕೊನೆಯದನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಬಿಡಿಸಿದಳು. ಮೊನೆ ಎರಡು ಸಲ ಜಾರಿತು, ಆದರೆ ಬಿಡಿಸಿದಳು.

ಅವುಗಳಿಂದ ತೆಳು ಪಟ್ಟಿ ಕತ್ತರಿಸಿ ಯಂತ್ರಕ್ಕೆ ಕೊಡಲು ಮಧ್ಯಾಹ್ನ ಮೂರು ಗಂಟೆಯಾಯಿತು. ಪಟ್ಟಿಯನ್ನು ಎರಡು ಆನಿಕೆಯ ಮೇಲಿಟ್ಟು ನಡುವೆ ಮೇಲಿನಿಂದ ಒತ್ತುವ ಯಂತ್ರ. ಒತ್ತಿದ ಹಾಗೆ ಕಂಪ್ಯೂಟರಿನಲ್ಲಿ ಒಂದು ಗೆರೆ ಮೇಲೇರುತ್ತದೆ, ಮುರಿದಾಗ ಬೀಳುತ್ತದೆ. ಮೊದಲು ನಾನು ಹಿಂದೆ ಕೊಟ್ಟಿದ್ದ ಬೆಂದ ಚಿಪ್ಪು ಇಟ್ಟರು. ಗೆರೆ ಸ್ವಲ್ಪ ಏರಿತು, ಟಿಕ್ ಎಂದಿತು, ನೇರ ಕೆಳಗೆ ಬಿತ್ತು. ಆಮೇಲೆ ಹಸಿಯದು. ಗೆರೆ ಏರಿತು, ಇನ್ನೂ ಏರಿತು. ನೇತ್ರಾ ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಮುರಿಯುವಾಗಲೂ ಅದು ಒಮ್ಮೆಲೇ ಮುರಿಯಲಿಲ್ಲ. ವಯಸ್ಸಾದವರು ಮೆಟ್ಟಿಲು ಇಳಿಯುವ ಹಾಗೆ ಒಂದೊಂದೇ ಹೆಜ್ಜೆ, ತಡೆದು ತಡೆದು ಇಳಿಯಿತು.

ಮೇಡಂ ಮೊದಲನೇ ಸಲದ ಗೆರೆ ಇದ್ದ ಕಾಗದ ತೆಗೆದು ಪಕ್ಕದಲ್ಲಿ ಹಿಡಿದರು. ಎರಡು ಗೆರೆಗಳೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತವು. ಅವರು ಇನ್ನೂ ನಾಲ್ಕು ಪಟ್ಟಿ ಮುರಿಸಿದರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

“ನೇತ್ರಾ, ನಿನ್ನ ನಂಬರ್ ಸರಿ ಇತ್ತು. ಬಾಗಿಲು ಹಾಕ್ಕೊಂಡು ಕೇಳಿದ್ದನ್ನ ಬಾಗಿಲು ತೆಗೆದು ಹೇಳ್ತಿದ್ದೀನಿ, ಎಲ್ಲಾರೂ ಕೇಳಿಸ್ಕೊಳ್ಳಿ.” ಆಮೇಲೆ, “ಈಗ ಹೊಸದಾಗಿ ಬರಿ. ಎಲ್ಲಿಂದ ತಂದ್ರು, ಹೇಗೆ ಬಿಡಿಸಿದ್ರು, ಏನು ತಪ್ಪಾಯ್ತು, ಎಲ್ಲ. ಹುಣಸೆಹಣ್ಣೂ ಬರಿ,” ಎಂದರು.

ಹೊರಡುವ ಮೊದಲು ನೇತ್ರಾ ನನ್ನನ್ನು ಒಂದು ಕತ್ತಲೆ ಕೋಣೆಗೆ ಕರೆದುಕೊಂಡು ಹೋದಳು. ಗಾಜಿನ ಪೆಟ್ಟಿಗೆಯೊಳಗೆ ಆ ಉಗುರಿನಷ್ಟು ಚೂರು ಇತ್ತು. ಬಟನ್ ಒತ್ತಿದಳು. ಅದು ಹಸಿರಾಗಿ ಬೆಳಗಿತು. ಕಣ್ಣಿಗೆ ಚುಚ್ಚುವ ಬೆಳಕಲ್ಲ. ಎಳೆ ಬಾಳೆ ಎಲೆಯನ್ನು ಬಿಸಿಲಿಗೆ ಹಿಡಿದು ಕೆಳಗಿನಿಂದ ನೋಡಿದರೆ ಕಾಣುತ್ತದಲ್ಲ, ಅಂಥದ್ದು. ಹೊಳೆದಂಡೆಯ ಮನೆಯಲ್ಲಿ ಊಟಕ್ಕೆ ಎಲೆ ಕೊಯ್ಯುವಾಗ ನಾನು ಹಾಗೆ ನೋಡುತ್ತಾ ನಿಂತುಬಿಡುತ್ತಿದ್ದೆ, ಅಜ್ಜಿ ಕೂಗುತ್ತಿದ್ದಳು. ಅಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ನೇತ್ರಾ, “ಗಾಡಿ ತಪ್ಪತೈತ್ರಿ ಕಾಕು,” ಎಂದಾಗಲೇ ಎಚ್ಚರವಾದದ್ದು.

ಕಾಳವ್ವನಿಗೆ ಹೇಳಬಾರದೆಂದು ನಾವು ಗಂಡ ಹೆಂಡತಿ ಮಾತಾಡಿಕೊಂಡಿದ್ದೆವು. ಆದರೆ ಮುಂದಿನ ವಾರ ಅವರು ಬಂದಾಗ ನೇತ್ರಾಳೇ ಎದುರು ಕೂತು ಎಲ್ಲ ಹೇಳಿಬಿಟ್ಟಳು. “ಅಜ್ಜಿ, ತೊಳದೇನಿ ಅನ್ನೂ ಮಾತಿನಿಂದ ನನಗ ಒಮ್ಮೆ ಸಾಕಾಗೇತಿ,” ಎಂದಳು. ಕಾಳವ್ವ ನನ್ನ ಕಡೆ ನೋಡಲಿಲ್ಲ. ಇವರ ಕಡೆ ತಿರುಗಿ ಕೇಳಿದರು.

“ಆ ಒಳಗಿಂದು ಏನ್ ಮಾಡಿದ್ರಿ?”

“ಒಳಗಿನದ್ದಾ?” ಇವರು ತಡವರಿಸಿದರು. “ಅದು... ನಾನು ಊಟ ಮಾಡಿದೆ.”

“ಎಲ್ಲಾನೂ?”

“ಒಂದೂ ಬಿಡ್ಲಿಲ್ಲ.”

ಕಾಳವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. “ಹಂಗಾರ ಯಾರದರ ಹೊಟ್ಟಿಗೆ ಬಿತ್ತು. ಬರೇ ಮುರದು ನೋಡಾಕ ಕೊಂದಿದ್ರ ನಾ ಇವಳನ್ನ ಇವತ್ತ ಕರಕೊಂಡ ಹೊಕ್ಕಿದ್ದೆ,” ಎಂದರು. ಎದ್ದು ಅಡುಗೆಮನೆಗೆ ಹೋಗಿ ಎರಡೂ ಬರ್ನರುಗಳನ್ನು ತಾವೇ ಬಿಚ್ಚಿ ಬೂದಿ ಹಾಕಿ ತಿಕ್ಕಿದರು. ಆಮೇಲೆ ರೊಟ್ಟಿ ಬಡಿದು, ನಮಗೂ ಹಾಕಿ, ತಾವೂ ಉಂಡರು. ಹೋಗುವಾಗ ಇವರಿಗೆ ಆಜ್ಞೆ ಮಾಡಿದರು: “ಇನ್ನ ಮುಂದನೂ ಒಂದೂ ಬಿಡಬ್ಯಾಡ್ರಿ.”

ಆ ಮಳೆಗಾಲದಲ್ಲಿ ನೇತ್ರಾ ಎರಡು ಚೂರು ತಂದು ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ, ಉಪ್ಪಿನ ಭರಣಿಯ ಪಕ್ಕ, ಬ್ಯಾಟರಿಗೆ ಸಿಕ್ಕಿಸಿ ಇಟ್ಟಳು. ಡೊಂಬಿವಿಲಿಯ ಜುಲೈ ತಿಂಗಳಿಗಿಂತ ದೊಡ್ಡ ಪರೀಕ್ಷೆ ಲ್ಯಾಬಿನಲ್ಲಿ ಇಲ್ಲ ಎನ್ನುತ್ತಿದ್ದಳು. ಮುಚ್ಚಳ ಇಲ್ಲದ ಚೂರು ಮೂರನೆಯ ದಿನವೇ ಕಪ್ಪಾಯಿತು. ಚಿಪ್ಪಿನ ಹಾಗೆ ಪದರ ಜೋಡಿಸಿ ಮುಚ್ಚಿದ್ದನ್ನು ಇವರು ಬೆಳಿಗ್ಗೆ ಎದ್ದ ಕೂಡಲೇ ನೋಡಿ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದರು. ನಲವತ್ತೊಂದು ಗೀಟು ಬಿದ್ದವು. ಆಮೇಲೆ ಅದಕ್ಕೂ ಒಂದು ಮೂಲೆಯಲ್ಲಿ ಚುಕ್ಕಿ ಬಂತು.

ಹೋದ ವರ್ಷ ಅವಳ ಪಿಎಚ್.ಡಿ. ಮುಗಿಯಿತು. ಈಗ ಪುಣೆಯಲ್ಲಿದ್ದಾಳೆ, ಬೇರೆ ಲ್ಯಾಬು, ಬೇರೆ ಮುಚ್ಚಳ. ಅವಳ ಲೇಖನದಲ್ಲಿ ಪಚ್ಚಿಲೆಯನ್ನು ಹಸಿಯಾಗಿ ಬಿಡಿಸುವ ಕ್ರಮವನ್ನು ಡೊಂಬಿವಿಲಿಯ ಜಯಲತಾ ಅವರಿಂದ ಕಲಿತದ್ದು ಎಂಬ ಒಂದು ಸಾಲು ಇದೆ. ಇವರು ಅದನ್ನು ಝೆರಾಕ್ಸ್ ಮಾಡಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ಎಡಗಡೆಯ ಬರ್ನರ್ ಮೇಲೆ ನಾನು ಈಗಲೂ ಮೀನು ಇಡುವುದಿಲ್ಲ. ಯಾರೂ ಕೇಳುವವರಿಲ್ಲ, ಆದರೂ ಕೈ ಹೋಗುವುದಿಲ್ಲ.

ಆ ಆದಿತ್ಯವಾರದ ಆರು ಚಿಪ್ಪುಗಳಲ್ಲಿ ಒಂದು ನನ್ನ ಹತ್ತಿರ ಉಳಿದಿದೆ. ಗೆರಟೆ ಇಲ್ಲ, ಸ್ಟೀಲಿನ ಬಟ್ಟಲಿನಲ್ಲಿ ನೀರು ಹಾಕಿ ಕಿಟಕಿಯಲ್ಲಿ ಇಟ್ಟಿದ್ದೇನೆ. ಮೂರು ಬೇಸಿಗೆಯ ಮಾವಿನಕಾಯಿ ಹೆರೆದಿದೆ. ನೀರು ದಿನಾ ಬದಲಿಸುತ್ತೇನೆ.

ಮೊನ್ನೆ ನನಗೆ ಜ್ವರ ಬಂದಿತ್ತು. ಸಂಜೆ ನೇತ್ರಾಳ ಫೋನು ಬಂತು. ದೂರದಲ್ಲಿರುವ ಹುಡುಗಿಗೆ ಯಾಕೆ ತಲೆಬಿಸಿ ಎಂದು, “ಆರಾಮಾಗಿದ್ದೇನೆ ಮಗಾ,” ಎಂದೆ.

ಆ ಕಡೆ ಪೆನ್ನಿನ ಕ್ಯಾಪ್ ತೆಗೆದ ಸದ್ದು ಕೇಳಿಸಿತು.

“ಹೆಂಗ ತೊಳದ್ರಿ, ಹೇಳ್ರಿ ಮೊದಲ,” ಎಂದಳು.

ಜ್ವರ ನೂರಾ ಎರಡು ಇತ್ತು ಎಂದು ಹೇಳಿದೆ.